ಬಾಸ್ಟನ್ನಿನ ಕಾಗದಪತ್ರ, ನಮ್ಮ ಕಾಲೇಜಿನ ಬೆಂಚು

1770ರ ಮಾರ್ಚ್ 5ರ ರಾತ್ರಿ ಬಾಸ್ಟನ್ ಪಟ್ಟಣದ ಕಿಂಗ್ ಸ್ಟ್ರೀಟಿನಲ್ಲಿ ಬ್ರಿಟಿಷ್ ಸಿಪಾಯಿಗಳು ಜನರ ಗುಂಪಿನ ಮೇಲೆ ಗುಂಡು ಹಾರಿಸಿದರು, ಐವರು ಸತ್ತರು. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಇದಕ್ಕೆ ಒಂದೇ ಸಾಲು. ಮೇಲೆ 1765ರ ಸ್ಟ್ಯಾಂಪ್ ಕಾಯ್ದೆ, ಕೆಳಗೆ 1773ರ ಚಹಾ ಪ್ರಕರಣ, ನಡುವೆ ‘ಬಾಸ್ಟನ್ ಹತ್ಯಾಕಾಂಡ’. ಆ ಸಾಲಿನ ಹಿಂದಿರುವ ಕಾಗದಪತ್ರ ತೆರೆದು ಕೂತವರಿಗೆ ಮಾತ್ರ ಅದು ಹತ್ಯೆಯೋ ಗಲಭೆಯೋ ಎಂದು ಥಟ್ಟನೆ ಹೇಳಲು ಬಾಯಿ ಬರುವುದಿಲ್ಲ. ಪಟ್ಟಣದ ಮುಖಂಡರು ತೊಂಬತ್ತಕ್ಕೂ ಹೆಚ್ಚು ಜನರ ಪ್ರಮಾಣಿತ ಹೇಳಿಕೆ ಸೇರಿಸಿ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದರು. ಸಿಪಾಯಿಗಳು ಮೊದಲೇ ಮನಸ್ಸು ಮಾಡಿ ಕೊಂದರು ಎಂಬುದು ಅದರ ವಾದ. ಸೈನ್ಯದ ಕಡೆಯವರೂ ತಮ್ಮ ಸಾಕ್ಷಿಗಳ ಹೇಳಿಕೆ ಜೋಡಿಸಿ ಲಂಡನ್ನಿನಲ್ಲಿ ಇನ್ನೊಂದನ್ನು ಹೊರಡಿಸಿದರು. ಜನರೇ ದೊಣ್ಣೆ, ಹಿಮದ ಗಡ್ಡೆ ಹಿಡಿದು ಮೇಲೆ ಬಿದ್ದರು ಎಂಬುದು ಇದರ ವಾದ. ಪಾಲ್ ರೆವಿಯರ್ ಎಂಬ ಬೆಳ್ಳಿ ಕೆಲಸಗಾರ ಕೆತ್ತಿದ ಚಿತ್ರದಲ್ಲಿ ಸಿಪಾಯಿಗಳು ಸಾಲು ಕಟ್ಟಿ ನಿಂತಿದ್ದಾರೆ, ಹಿಂದೆ ಅಧಿಕಾರಿ ಕತ್ತಿ ಎತ್ತಿ ಆಜ್ಞೆ ಕೊಡುತ್ತಿದ್ದಾನೆ. ಆ ಚಿತ್ರವೂ ರೆವಿಯರನ ಸ್ವಂತದ್ದಲ್ಲ, ಹೆನ್ರಿ ಪೆಲ್ಹಮ್ ಬರೆದದ್ದರ ನಕಲು. ಕೋರ್ಟಿನಲ್ಲಿ ಸಿಪಾಯಿಗಳ ಪರ ನಿಂತ ವಕೀಲ ಜಾನ್ ಆಡಮ್ಸ್, ಮುಂದೆ ಅಮೆರಿಕದ ಎರಡನೆಯ ಅಧ್ಯಕ್ಷನಾದವನು. ಕ್ಯಾಪ್ಟನ್ ಥಾಮಸ್ ಪ್ರೆಸ್ಟನ್ ಖುಲಾಸೆಯಾದ. ಎಂಟು ಸಿಪಾಯಿಗಳಲ್ಲಿ ಆರು ಮಂದಿಗೆ ಬಿಡುಗಡೆ, ಇಬ್ಬರಿಗೆ ಹೆಬ್ಬೆರಳ ಮೇಲೆ ಬರೆ. ಆಡಮ್ಸ್ ಬಲವಾಗಿ ಆತುಕೊಂಡ ಸಾಕ್ಷಿಗಳಲ್ಲಿ ಒಬ್ಬ ಆಂಡ್ರ್ಯೂ, ಆಲಿವರ್ ವೆಂಡೆಲ್ ಎಂಬುವನ ಮನೆಯ ಗುಲಾಮ. ಸತ್ತವರಲ್ಲಿ ಒಬ್ಬನಾದ ಕ್ರಿಸ್ಪಸ್ ಅಟಕ್ಸ್ ಆಫ್ರಿಕಾ ಮತ್ತು ಅಮೆರಿಕದ ಮೂಲನಿವಾಸಿ ವಂಶದವನು. ಸ್ವಾತಂತ್ರ್ಯದ ಮೊದಲ ಹುತಾತ್ಮರು ಎಂದು ಕರೆಸಿಕೊಂಡವರ ವಿರುದ್ಧದ ಸಾಕ್ಷ್ಯ ಸ್ವಾತಂತ್ರ್ಯವೇ ಇಲ್ಲದ ಒಬ್ಬನ ಬಾಯಿಂದ ಬಂತು.

ಇಷ್ಟೂ ಕಾಗದಪತ್ರ ಇವತ್ತು ಹಾವೇರಿಯಲ್ಲೋ ಸಿಂಧನೂರಿನಲ್ಲೋ ಮೊಬೈಲ್ ಇಟ್ಟುಕೊಂಡಿರುವ ಯಾವ ಪದವಿ ವಿದ್ಯಾರ್ಥಿಗಾದರೂ ಪುಕ್ಕಟೆ ಸಿಗುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳ ಉಪನ್ಯಾಸಗಳೂ ಸಿಗುತ್ತವೆ. ಯೇಲ್‌ನಲ್ಲಿ ಜೊಆನ್ ಫ್ರೀಮನ್ ಅವರು 2010ರಲ್ಲಿ ಅಮೆರಿಕನ್ ಕ್ರಾಂತಿಯ ಬಗ್ಗೆ ಮಾಡಿದ 25 ಉಪನ್ಯಾಸಗಳು ಆಗಿನಿಂದಲೂ ಎಲ್ಲರಿಗೂ ತೆರೆದೇ ಇವೆ. ಇಂಥ ಆನ್‌ಲೈನ್ ಕೋರ್ಸುಗಳನ್ನು ನಮ್ಮ ವಿದ್ಯಾರ್ಥಿಗಳು ಓದಬೇಕು, ನಮ್ಮ ಕಾಲೇಜುಗಳು ಅದಕ್ಕೆ ಅಂಕ ಕೊಡಬೇಕು ಎಂಬುದು ಈ ಲೇಖನದ ವಾದ. ಜೊತೆಗೆ ಒಂದು ಷರತ್ತು ಇದೆ. ಕೋರ್ಸಿನಲ್ಲಿ ಅತಿ ಸುಲಭವಾಗಿ ಕೈಗೆ ಸಿಗುವ ಭಾಗ, ಅಂದರೆ ವಿಡಿಯೊ, ಅದರ ಅತಿ ಕಡಿಮೆ ಬೆಲೆಯ ಭಾಗ. ಮೂಲ ದಾಖಲೆಯನ್ನು ಎದುರಿಗಿಟ್ಟುಕೊಂಡು, ಇನ್ನೊಬ್ಬರು ಅಡ್ಡ ಪ್ರಶ್ನೆ ಹಾಕುತ್ತಿರುವಾಗ ಅದರ ಅರ್ಥ ಹೇಳುವುದೇ ಚರಿತ್ರೆಯ ಕಲಿಕೆ. ಮೊದಲನೆಯದನ್ನು ಅಂತರ್ಜಾಲ ಕೊಡುತ್ತದೆ. ಎರಡನೆಯದನ್ನು ಊರಿನ ಕಾಲೇಜೇ ಕೊಡಬೇಕು, ಮತ್ತು ಕೊಡಲು ಅದಕ್ಕೆ ಸಾಧ್ಯವಿದೆ.

ಯಾಕೆ ಅಮೆರಿಕದ ಆರಂಭಕಾಲವೇ? ಅಲ್ಲಿನ ವಸಾಹತುಗಳಿಗೆ, ಮುಖ್ಯವಾಗಿ ಉತ್ತರದ ನ್ಯೂ ಇಂಗ್ಲೆಂಡಿಗೆ, ಬರೆದಿಡುವ ಚಾಳಿ ವಿಪರೀತ. ಊರಿನ ಸಭೆಯ ನಡಾವಳಿ, ಚರ್ಚಿನ ದಫ್ತರ, ಉಯಿಲು, ಸಾಲಪತ್ರ, ದಿನಚರಿ, ಪತ್ರಿಕೆ, ಎಲ್ಲವೂ ಉಳಿದಿವೆ. ಕ್ರಾಂತಿಯ ನಂತರ ತಾವು ಚರಿತ್ರೆ ಮಾಡಿದ್ದೇವೆಂಬ ಅರಿವು (ಹೆಮ್ಮೆ ಎಂದರೂ ಸರಿಯೇ) ಆ ಜನರಿಗೆ ಬಂತು; ಕಾಗದ ಸುಡದೆ ಜೋಪಾನ ಮಾಡಿದರು. ಈಗ ಅಲ್ಲಿನ ರಾಷ್ಟ್ರೀಯ ಪತ್ರಾಗಾರ 2013ರಲ್ಲಿ ಆರಂಭಿಸಿದ ‘ಫೌಂಡರ್ಸ್ ಆನ್‌ಲೈನ್’ ತಾಣದಲ್ಲಿ ವಾಷಿಂಗ್ಟನ್, ಫ್ರಾಂಕ್ಲಿನ್, ಆಡಮ್ಸ್, ಜೆಫರ್ಸನ್, ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಇವರ ಲಕ್ಷಕ್ಕೂ ಮೀರಿದ ದಾಖಲೆಗಳು ಟಿಪ್ಪಣಿ ಸಮೇತ ಇವೆ. ಯೇಲ್ ಕಾನೂನು ಶಾಲೆಯ ‘ಅವಲಾನ್’ ಸಂಗ್ರಹದಲ್ಲಿ ಸನ್ನದು, ಒಪ್ಪಂದ, ಸಂವಿಧಾನದ ಪಠ್ಯಗಳಿವೆ. ಅಂದಹಾಗೆ ಆ ಯೇಲ್ ಎಂಬ ಹೆಸರೇ ಮದ್ರಾಸಿನಿಂದ ಹೋದದ್ದು. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸೇಂಟ್ ಜಾರ್ಜ್ ಕೋಟೆಯ ಅಧಿಕಾರ ನಡೆಸಿ ದುಡ್ಡು ಮಾಡಿಕೊಂಡ ಎಲಿಹು ಯೇಲ್ 1718ರಲ್ಲಿ ಒಂದಷ್ಟು ಪುಸ್ತಕ, ಸರಕಿನ ಮೂಟೆಗಳನ್ನು ಅಲ್ಲಿನ ಪುಟ್ಟ ಕಾಲೇಜಿಗೆ ಕಳಿಸಿದ. ಮೂಟೆ ಮಾರಿ ಬಂದ ಸುಮಾರು 560 ಪೌಂಡಿಗೆ ಕಾಲೇಜು ಅವನ ಹೆಸರು ಇಟ್ಟುಕೊಂಡಿತು. ದಾನಿಗಳ ಹೆಸರನ್ನು ಕಟ್ಟಡದ ನೆತ್ತಿಗೆ ಬರೆಯುವ ಪದ್ಧತಿ ನಮ್ಮದೊಂದೇ ಅಲ್ಲ.

ದಾಖಲೆ ಓದುವುದರಿಂದ ಏನು ಸಿಗುತ್ತದೆ ಎನ್ನುವುದಕ್ಕೆ ವರ್ಜೀನಿಯದ ಗುಲಾಮಗಿರಿಯ ಕಾನೂನುಗಳಿಗಿಂತ ಒಳ್ಳೆಯ ಉದಾಹರಣೆ ಕಡಿಮೆ. 1619ರಲ್ಲಿ ಇಪ್ಪತ್ತು ಚಿಲ್ಲರೆ ಆಫ್ರಿಕನ್ನರು ವರ್ಜೀನಿಯದ ಪಾಯಿಂಟ್ ಕಂಫರ್ಟ್‌ನಲ್ಲಿ ಇಳಿದರು ಎಂದು ಪಠ್ಯಪುಸ್ತಕ ಹೇಳುತ್ತದೆ. ಅಲ್ಲಿಂದ ಗುಲಾಮಗಿರಿ ಆರಂಭವಾಯಿತು ಎಂದು ಮುಂದಿನ ವಾಕ್ಯ. ಈ ಎರಡು ವಾಕ್ಯಗಳ ನಡುವೆ ಸುಮಾರು ಒಂದು ಶತಮಾನ ಇದೆ. ಎಲಿಜಬೆತ್ ಕೀ ಎಂಬ ಹೆಂಗಸಿನ ತಂದೆ ಇಂಗ್ಲಿಷಿನವ, ತಾಯಿ ಆಫ್ರಿಕಾದವಳು. ತನ್ನನ್ನು ಗುಲಾಮಳಂತೆ ಹಿಡಿದಿಟ್ಟವರ ವಿರುದ್ಧ ಅವಳು ದಾವೆ ಹೂಡಿದಳು. 1656ರಲ್ಲಿ ಬಿಡುಗಡೆ ಪಡೆದಳು. ಅವಳ ವಾದಗಳು ಸರಳ: ತಂದೆ ಸ್ವತಂತ್ರ ಇಂಗ್ಲಿಷ್ ಪ್ರಜೆ, ಇಂಗ್ಲೆಂಡಿನ ಪದ್ಧತಿಯಂತೆ ಮಗುವಿಗೆ ತಂದೆಯ ಸ್ಥಾನಮಾನ, ತಾನು ದೀಕ್ಷಾಸ್ನಾನ ಪಡೆದ ಕ್ರೈಸ್ತಳು, ಒಪ್ಪಂದದ ಸೇವಾವಧಿ ಎಂದೋ ಮುಗಿದಿದೆ. ಮುಂದೇನಾಯಿತು ನೋಡಿ. 1662ರಲ್ಲಿ ವರ್ಜೀನಿಯದ ಶಾಸನಸಭೆ ಮಗು ಸ್ವತಂತ್ರವೋ ಗುಲಾಮವೋ ಎಂಬುದು ತಾಯಿಯ ಸ್ಥಿತಿಯಿಂದಲೇ ನಿರ್ಧಾರ ಎಂದು ಕಾನೂನು ಮಾಡಿತು. 1667ರಲ್ಲಿ ದೀಕ್ಷಾಸ್ನಾನದಿಂದ ಬಿಡುಗಡೆ ಸಿಗದು ಎಂದಿತು. ಕೀ ತೆರೆದ ಎರಡು ಬಾಗಿಲಿಗೂ ಹನ್ನೊಂದು ವರ್ಷದೊಳಗೆ ಚಿಲಕ ಬಿತ್ತು. 1669ರ ಕಾನೂನು ಗುಲಾಮನನ್ನು ದಂಡಿಸುವಾಗ ಅವನು ಸತ್ತರೆ ಯಜಮಾನನದು ಘೋರ ಅಪರಾಧವಲ್ಲ ಎಂದಿತು. 1691ರಲ್ಲಿ ಬಿಳಿಯರು ಕರಿಯರನ್ನೋ ಮೂಲನಿವಾಸಿಗಳನ್ನೋ ಮದುವೆಯಾದರೆ ಗಡೀಪಾರು. 1705ರ ಸಂಹಿತೆ ಚದುರಿದ್ದನ್ನೆಲ್ಲ ಒಟ್ಟುಗೂಡಿಸಿ ಗುಲಾಮರನ್ನು ಸ್ಥಿರಾಸ್ತಿಯ ಲೆಕ್ಕಕ್ಕೆ ಹಾಕಿತು. ಈ ಐದು ಕಾನೂನುಗಳನ್ನು ಒಟ್ಟಿಗೆ ಜೆರಾಕ್ಸ್ ಮಾಡಿಸಿದರೆ ಕೆಲವೇ ಹಾಳೆ. ಉಪನ್ಯಾಸದಲ್ಲಿ ಇದನ್ನೇ ಕೇಳಿದವರು ಒಂದು ಮಾಹಿತಿ ಪಡೆಯುತ್ತಾರೆ. ಇಸವಿವಾರು ಜೋಡಿಸಿ ತಾವೇ ಓದಿದವರು, ಯಾರದ್ದೋ ಲಾಭಕ್ಕೆ ಬಂದ ಒಂದು ವ್ಯವಸ್ಥೆ ಒಂದೊಂದೇ ಇಟ್ಟಿಗೆಯಾಗಿ ಮೇಲೇಳುವುದನ್ನು ನೋಡುತ್ತಾರೆ.

ಹುಟ್ಟಿನಿಂದಲೇ ಮನುಷ್ಯನ ಅಂತಸ್ತು ನಿಗದಿಯಾಗುವುದು ನಮಗೇನು ಹೊಸದಲ್ಲ. ನಮ್ಮಲ್ಲಿ ಅದರ ಮೊದಲ ದಿನ ಯಾವುದು, ಯಾವ ಸಭೆಯಲ್ಲಿ ಯಾರು ಕೈ ಎತ್ತಿದರು ಎಂದು ಬೆರಳಿಟ್ಟು ತೋರಿಸಲಾಗದು. ಆದ್ದರಿಂದಲೇ ‘ಅನಾದಿಕಾಲದಿಂದ ಬಂದದ್ದು’ ಎಂಬ ಮಾತಿಗೆ ಅಷ್ಟು ಬಲ. ವರ್ಜೀನಿಯದಲ್ಲಿ ಇಸವಿ ಇದೆ, ಸಭೆ ಇದೆ, ಕಾನೂನಿನ ಪಠ್ಯ ಇದೆ, ಅದು ಯಾರ ದಾವೆಯ ಬೆನ್ನಿಗೆ ಬಂತು ಎಂಬುದೂ ಇದೆ. ಎರಡೂ ಒಂದೇ ಎಂದು ಹೇಳುವುದು ತಪ್ಪಾಗುತ್ತದೆ. ಆದರೆ ಒಂದನ್ನು ನೋಡಿದ ಕಣ್ಣು ಇನ್ನೊಂದಕ್ಕೆ ಬೇರೆ ಪ್ರಶ್ನೆ ಕೇಳುತ್ತದೆ. ಜ್ಯೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ ಪ್ರಕಟಿಸಿದಾಗ ಅದನ್ನು ಗುಲಾಮಗಿರಿ ಅಳಿಸಲು ದುಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು. ಇಂಥ ಹಳೆಯ ಪಠ್ಯಗಳ ಆಯಸ್ಸೂ ದೊಡ್ಡದು. 1790ರಲ್ಲಿ ಅಮೆರಿಕದ ಕಾಂಗ್ರೆಸ್ ಹೊರಗಿನಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯ’ರಿಗೆ ಮಾತ್ರ ಪೌರತ್ವ ಎಂದು ಬರೆಯಿತು. 1923ರಲ್ಲಿ, ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಪೌರತ್ವ ಕೇಳಿದಾಗ ಅಲ್ಲಿನ ಸುಪ್ರೀಂ ಕೋರ್ಟ್ ಅದೇ ಮಾತನ್ನು ಹಿಡಿದು ಇಲ್ಲ ಎಂದಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಇವತ್ತು ಕ್ಯಾಲಿಫೋರ್ನಿಯದಲ್ಲೋ ಟೆಕ್ಸಸ್‌ನಲ್ಲೋ ಮನೆ ಕಟ್ಟಿಕೊಂಡಿರುವ ಕನ್ನಡಿಗರ ಪೌರತ್ವದ ಕತೆ 1790ರ ಆ ಕಾನೂನಿನ ಪ್ರಸ್ತಾಪವಿಲ್ಲದೆ ಅರ್ಧ.

ಮೊದಲ ಆಕ್ಷೇಪ ಎಲ್ಲರೂ ಊಹಿಸಬಲ್ಲದ್ದೇ. ನಮ್ಮ ಚರಿತ್ರೆಯನ್ನೇ ಸರಿಯಾಗಿ ಓದದವರಿಗೆ ಅಮೆರಿಕದ್ದು ಯಾಕೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ? ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ, ಎರಡೂ ಚರಿತ್ರೆಗಳು ಹೆಣೆದುಕೊಂಡಿವೆ ಎಂಬುದು. ಅದು ಸುಳ್ಳಲ್ಲ. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್‌ಗೆ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ಮುತ್ತಿಗೆ ಹಾಕಿ ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಪಡೆದದ್ದು. 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ‘ಜನರಲ್ ಮಂಕ್’ ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯದ ಹಡಗಿನ ಹೆಸರು ‘ಹೈದರ್ ಅಲಿ’. ಆಗ ಹೈದರ್ ಇನ್ನೂ ಬದುಕಿದ್ದು ಕಂಪನಿಯ ಸೈನ್ಯದೊಂದಿಗೆ ಕಾದಾಡುತ್ತಿದ್ದ. ನಮ್ಮ ಕರಾವಳಿ ಮೂಲದ ಬಿ.ಎನ್. ರಾವ್, ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿ 1947ರಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಂದಿಗೆ ಚರ್ಚಿಸಿ ಬಂದರು. 1791ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸೇರಿದ ‘ಡ್ಯೂ ಪ್ರೊಸೆಸ್’ ಎಂಬ ಮಾತು ನಮ್ಮ 21ನೇ ವಿಧಿಯಲ್ಲಿ ಇಲ್ಲದಿರುವುದರ ಹಿಂದೆ ಆ ಚರ್ಚೆಯ ನೆರಳಿದೆ. ಇವೆಲ್ಲ ರೋಚಕ, ತರಗತಿಯಲ್ಲಿ ಹೇಳಿದರೆ ಹಿಂದಿನ ಬೆಂಚೂ ತಲೆ ಎತ್ತುತ್ತದೆ. ಆದರೂ ಆಕ್ಷೇಪಕ್ಕೆ ಇದು ತಕ್ಕ ಉತ್ತರ ಎಂದು ನನಗನ್ನಿಸುವುದಿಲ್ಲ. ಸಂಬಂಧ ಇದೆ ಎಂಬ ಕಾರಣಕ್ಕೇ ಓದುವುದಾದರೆ ಫ್ರಾನ್ಸಿನದ್ದೋ ಪರ್ಷಿಯದ್ದೋ ಓದಲೂ ಅಷ್ಟೇ ಕಾರಣಗಳಿವೆ.

ತಕ್ಕ ಉತ್ತರ ಇರುವುದು ಅಭ್ಯಾಸದ ಅನುಕೂಲದಲ್ಲಿ. ಹದಿನೆಂಟನೆಯ ಶತಮಾನದ ಮೈಸೂರಿನ ಕಾಗದಪತ್ರ ಓದಬೇಕೆಂದು ಹೊರಟ ಪದವಿ ವಿದ್ಯಾರ್ಥಿಗೆ ಪರ್ಷಿಯನ್ ಬೇಕು, ಮೋಡಿ ಲಿಪಿ ಬೇಕು. 1799ರ ನಂತರ ಟಿಪ್ಪುವಿನ ಗ್ರಂಥಭಂಡಾರ ಕಲ್ಕತ್ತಾ, ಲಂಡನ್ ಎಂದು ಚೆದುರಿಹೋಯಿತು. ಶಾಸನಗಳ ಮಟ್ಟಿಗೆ ನಾವು ಪುಣ್ಯವಂತರು, ಬಿ.ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿವೆ. ಆದರೆ ಹಳಗನ್ನಡ, ಸಂಸ್ಕೃತ, ಲಿಪಿಶಾಸ್ತ್ರ ಮೂರೂ ಬಾರದ ವಿದ್ಯಾರ್ಥಿ ಅಲ್ಲಿ ಮೂಲವನ್ನು ಬಿಟ್ಟು ಸಂಪಾದಕರ ಅನುವಾದ ಮತ್ತು ಟಿಪ್ಪಣಿಯನ್ನೇ ನಂಬಬೇಕಾಗುತ್ತದೆ. ಎದುರಾಬದುರು ಸಾಕ್ಷ್ಯ ಇಟ್ಟುಕೊಂಡು ತೂಗುವ ಕೆಲಸ ಕಲಿಯಲು ಅಚ್ಚಾಗಿರುವ, ಟಿಪ್ಪಣಿ ಇರುವ, ದುಡ್ಡಿಲ್ಲದೆ ಸಿಗುವ, ಎರಡೂ ಪಕ್ಷಗಳು ಮಾತಾಡಿರುವ ದಾಖಲೆಗಳು ಬೇಕು. ಆ ಸೌಲಭ್ಯ ಬಾಸ್ಟನ್ನಿಗೆ ಇರುವಷ್ಟು ಬಿದನೂರಿಗೆ ಇನ್ನೂ ಒದಗಿಲ್ಲ. ಈಜು ಕಲಿಯುವವರು ಮೆಟ್ಟಿಲಿರುವ ಕೊಳದಲ್ಲೇ ಇಳಿಯುತ್ತಾರೆ, ತುಂಗಭದ್ರೆ ಆಮೇಲೆ. ಆಮೇಲೆ ನಮ್ಮದಕ್ಕೆ ಬಂದಾಗ, ಯಾವ ರಾಜ ದೇಶಭಕ್ತ ಯಾವ ರಾಜ ದ್ರೋಹಿ ಎಂಬ ಟಿವಿ ಚರ್ಚೆಯ ಧಾಟಿಗೆ ಇವರು ಅಷ್ಟು ಸುಲಭವಾಗಿ ಬೀಳಲಾರರು.

ಹೊರಗಿನವರಾಗಿ ಓದುವುದರಲ್ಲಿ ಇನ್ನೊಂದು ಲಾಭವಿದೆ. ಅಮೆರಿಕದವರ ಕಣ್ಣು ಬೇಗ ದಾಟಿಹೋಗುವ ಕಡೆ ನಮ್ಮ ಕಣ್ಣು ನಿಲ್ಲುತ್ತದೆ. 1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ನೀರಿಗೆ ಬಿತ್ತು. ಅದು ಭಾರತದ ಚಹಾ ಎಂದು ನಮ್ಮಲ್ಲಿ ಹಲವರು ಭಾವಿಸಿದ್ದಾರೆ. ಅದು ಈಸ್ಟ್ ಇಂಡಿಯಾ ಕಂಪನಿ ತಂದ ಚೀನಾದ ಚಹಾ. ಭಾರತದ ನಂಟು ಬೇರೆ ಕಡೆ ಇದೆ. ಬಂಗಾಳವನ್ನು ಹಿಂಡಿಯೂ, 1769-70ರ ಭೀಕರ ಬರದ ಬೆನ್ನಲ್ಲೇ ಕಂಪನಿ ಸಾಲದಲ್ಲಿ ಮುಳುಗಿತು. 1772ರಲ್ಲಿ ಲಂಡನ್ನಿನ ಲೇವಾದೇವಿ ಕುಸಿದಾಗ ದಿವಾಳಿಯ ಅಂಚಿಗೆ ಬಂತು. ಗೋದಾಮಿನಲ್ಲಿ ಕೊಳೆಯುತ್ತಿದ್ದ ಚಹಾವನ್ನು ಅಮೆರಿಕಕ್ಕೆ ಸಾಗಹಾಕಿ ಕಂಪನಿಯನ್ನು ಬದುಕಿಸಲು ಪಾರ್ಲಿಮೆಂಟು 1773ರ ಚಹಾ ಕಾಯ್ದೆ ತಂದಿತು. ಆ ಕಾಲದ ಅಮೆರಿಕನ್ನರಿಗೆ ಇದು ಗೊತ್ತಿತ್ತು. ಪೆನ್ಸಿಲ್ವೇನಿಯದ ಜಾನ್ ಡಿಕಿನ್ಸನ್ ‘ರಸ್ಟಿಕಸ್’ ಎಂಬ ಅಡ್ಡಹೆಸರಿನಲ್ಲಿ ಅದೇ ವರ್ಷದ ನವೆಂಬರಿನಲ್ಲಿ ಬರೆದ ಪತ್ರದಲ್ಲಿ, ಏಷ್ಯಾದಲ್ಲಿ ಜನರನ್ನು ಹಸಿವಿಗೆ ದೂಡಿ ಹಣ ಮಾಡಿದ ಕಂಪನಿ ಈಗ ನಮ್ಮ ಮೇಲೆ ಕಣ್ಣು ಹಾಕಿದೆ ಎಂದು ಎಚ್ಚರಿಸಿದ್ದ. ಬಂಗಾಳದ ಬರದ ಸುದ್ದಿ ಫಿಲಡೆಲ್ಫಿಯದ ರಾಜಕೀಯದೊಳಗೆ ಹರಿದಿತ್ತು ಎಂದಾಯಿತು. ಅಮೆರಿಕದ ಕೋರ್ಸುಗಳಲ್ಲಿ ಚಹಾ ಪ್ರಕರಣ ಸಾಮಾನ್ಯವಾಗಿ ತೆರಿಗೆ ಮತ್ತು ಪ್ರಾತಿನಿಧ್ಯದ ಕತೆ. ಭಾರತದ ವಿದ್ಯಾರ್ಥಿ ಡಿಕಿನ್ಸನ್ನನ ಪತ್ರವನ್ನು ಎದುರಿಗಿಟ್ಟು ಇದು ಕಂಪನಿಯ ಕತೆಯೂ ಹೌದಲ್ಲ ಎಂದು ಕೇಳಬಹುದು. ವಿಡಿಯೊಗೆ ಆ ಪ್ರಶ್ನೆ ಕೇಳಿಸುವುದಿಲ್ಲ, ಅದಕ್ಕೇ ಎದುರಿಗೆ ಮನುಷ್ಯರು ಬೇಕು.

ದಾಖಲೆ ದಾಖಲೆ ಎಂದು ಜಪಿಸುವವರಿಗೆ ಹಾಕಬೇಕಾದ ನಿಜವಾದ ಅಡ್ಡ ಪ್ರಶ್ನೆ ಬೇರೆ ಇದೆ, ಮತ್ತು ಇದು ಹೆಚ್ಚು ಗಟ್ಟಿಯಾದದ್ದು. ದಾಖಲೆ ಯಾರದು? ಬರೆಯಬಲ್ಲವರದು, ಬರೆದದ್ದನ್ನು ಕಾಯ್ದಿಡಲು ಮನೆ ಇದ್ದವರದು. ‘ಫೌಂಡರ್ಸ್ ಆನ್‌ಲೈನ್’ ಹೆಚ್ಚುಕಡಿಮೆ ಏಳು ಗಂಡಸರ ಕಾಗದಪತ್ರ. 1790ರ ಮೊದಲ ಜನಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕ ಸುಮಾರು 39 ಲಕ್ಷ ಜನರಲ್ಲಿ ಹತ್ತಿರ ಹತ್ತಿರ 7 ಲಕ್ಷ ಮಂದಿ ಗುಲಾಮರು; ಅವರು ಬರೆದ ಪತ್ರಗಳು ಎಷ್ಟು ಸಿಗಬಹುದು? ಮೂಲನಿವಾಸಿಗಳ ಮಾತು ಬಹುಪಾಲು ದುಭಾಷಿಯ ಬಾಯಿಂದ, ಅವರ ಭೂಮಿ ಬಯಸಿದವರ ಲೇಖನಿಯಿಂದ ಬಂದದ್ದು. ಹಾಗಾಗಿ ಪತ್ರಾಗಾರವನ್ನೇ ಗತಕಾಲ ಎಂದುಕೊಂಡವರು ಗೈಡು ಓದಿದವರಿಗಿಂತ ದೊಡ್ಡ ಭ್ರಮೆಯಲ್ಲಿರುತ್ತಾರೆ. ಒಳ್ಳೆಯ ಇತಿಹಾಸಕಾರರು ಈ ತೊಡಕಿನಲ್ಲೇ ದಾರಿ ಮಾಡಿಕೊಂಡಿದ್ದಾರೆ. ಮೇಯ್ನ್ ಪ್ರಾಂತ್ಯದ ಸೂಲಗಿತ್ತಿ ಮಾರ್ಥಾ ಬ್ಯಾಲರ್ಡ್ 1785ರಿಂದ 1812ರವರೆಗೆ ದಿನಚರಿ ಬರೆದಳು. ಹವೆ, ನೂಲು, ಯಾರ ಮನೆಗೆ ಹೆರಿಗೆಗೆ ಹೋದೆ, ಎಷ್ಟು ದುಡ್ಡು ಬಂತು, ಇಷ್ಟೇ. ಬಹಳ ಕಾಲ ಅದನ್ನು ಕ್ಷುಲ್ಲಕ ಎಂದು ಬದಿಗಿಟ್ಟಿದ್ದರು. ಲಾರೆಲ್ ಥ್ಯಾಚರ್ ಉಲ್ರಿಚ್ ಆ ಬೇಸರದ ಸಾಲುಗಳನ್ನೇ ಕೂಡಿ ಕಳೆದು, 800ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಒಬ್ಬ ಹೆಂಗಸಿನ ಸುತ್ತ ಒಂದಿಡೀ ಊರಿನ ದುಡಿಮೆ ಮತ್ತು ಸಾಲದ ಲೆಕ್ಕವನ್ನು ಎಬ್ಬಿಸಿ ನಿಲ್ಲಿಸಿದರು. 1991ರಲ್ಲಿ ಆ ಪುಸ್ತಕಕ್ಕೆ ಪುಲಿಟ್ಜರ್ ಬಂತು. ದಿನಚರಿಯ ಪುಟಗಳೇ ಈಗ ಅಂತರ್ಜಾಲದಲ್ಲಿವೆ.

ಜೆಫರ್ಸನ್ನನ ಮನೆಯಲ್ಲಿ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ಪ್ರಕರಣ ಇನ್ನೂ ಕಠಿಣ ಪಾಠ. ಅವಳ ಕೈಬರಹದ ಒಂದು ಚೀಟಿಯೂ ಉಳಿದಿಲ್ಲ. ಜೆಫರ್ಸನ್ನನೇ ತನ್ನ ತಂದೆ ಎಂದು ಅವಳ ಮಗ ಮ್ಯಾಡಿಸನ್ ಹೆಮಿಂಗ್ಸ್ 1873ರಲ್ಲಿ ಒಹಾಯೊದ ಪತ್ರಿಕೆಯೊಂದಕ್ಕೆ ಹೇಳಿದ್ದ. ಆದರೂ ಪ್ರತಿಷ್ಠಿತ ಚರಿತ್ರಕಾರರು ಅದನ್ನು ಕಡೆಗಣಿಸಿ ಜೆಫರ್ಸನ್ನನ ಬಿಳಿಯ ಮೊಮ್ಮಕ್ಕಳ ಮಾತನ್ನು ನಂಬಿದ್ದರು. ಕಾನೂನು ಓದಿದ ಆನೆಟ್ ಗಾರ್ಡನ್-ರೀಡ್ 1997ರ ಪುಸ್ತಕದಲ್ಲಿ ಹೊಸ ದಾಖಲೆಯನ್ನೇನೂ ಮುಂದಿಡಬೇಕಾಗಿರಲಿಲ್ಲ. ಇರುವ ಸಾಕ್ಷ್ಯವನ್ನೇ ಒಬ್ಬರಿಗೊಂದು ಅಳತೆ ಇನ್ನೊಬ್ಬರಿಗೊಂದು ಅಳತೆಯಲ್ಲಿ ತೂಗಿದ್ದನ್ನು ತೋರಿಸಿದರು. ಮರುವರ್ಷ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಅವರ ಕಡೆಗೇ ವಾಲಿತು. ಯಾರ ಮಾತನ್ನು ಸಾಕ್ಷ್ಯ ಎನ್ನುತ್ತೇವೆ, ಯಾರದ್ದನ್ನು ಕಟ್ಟುಕತೆ ಎನ್ನುತ್ತೇವೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಕಲಿಸುವ ಪಾಠ ಯಾವ ಸಿಲಬಸ್ಸಿನಲ್ಲಿದೆ?

ಅಮೆರಿಕದ ವಿಶ್ವವಿದ್ಯಾಲಯ ಕೊಟ್ಟ ಪಾಠ ಅಮೆರಿಕದ ಗುಣಗಾನವೇ ಆಗಿರುವುದಿಲ್ಲವೇ ಎಂಬ ಅನುಮಾನವೂ ಸಹಜ. ಈ ಹೊತ್ತಿನ ಅಮೆರಿಕವನ್ನು ನೋಡಿದರೆ ಭಯ ಬೇರೆ ಕಡೆಯಿಂದ ಬರಬೇಕು. 2019ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಗುಲಾಮಗಿರಿಯನ್ನೇ ದೇಶದ ಕತೆಯ ಕೇಂದ್ರಕ್ಕೆ ತರುವ ‘1619 ಪ್ರಾಜೆಕ್ಟ್’ ಹೊರತಂದಿತು; ಹೆಸರಾಂತ ಇತಿಹಾಸಕಾರರೇ ಅದರ ಕೆಲವು ಮಾತುಗಳನ್ನು ಬಹಿರಂಗವಾಗಿ ಪ್ರಶ್ನಿಸಿದರು. ಮರುವರ್ಷ ಅಧ್ಯಕ್ಷ ಟ್ರಂಪ್ ಇದಕ್ಕೆದುರಾಗಿ ‘1776 ಆಯೋಗ’ ನೇಮಿಸಿದರು. 2021ರ ಜನವರಿ 18ರಂದು ಅದರ ವರದಿ ಬಂತು, 20ರಂದು ಅಧಿಕಾರಕ್ಕೆ ಬಂದ ಬೈಡನ್ ಆಯೋಗವನ್ನೇ ರದ್ದು ಮಾಡಿದರು. ದೇಶ ಹುಟ್ಟಿದ ವರ್ಷ ಯಾವುದೆಂಬುದೇ ಪಕ್ಷ ರಾಜಕೀಯವಾಗಿರುವ ಕಡೆಯಿಂದ ಬರುವ ಯಾವ ಕೋರ್ಸೂ ನಿಷ್ಪಕ್ಷಪಾತಿಯಲ್ಲ. ಆದರೆ ಆ ಜಗಳದಲ್ಲಿ ನಮಗೆ ಮಾನಾಪಮಾನವಿಲ್ಲ. ಸ್ವಾತಂತ್ರ್ಯ ಘೋಷಣೆಯ ಕರಡಿನಲ್ಲಿ ಗುಲಾಮ ವ್ಯಾಪಾರದ ಬಗ್ಗೆ ಜೆಫರ್ಸನ್ ಬರೆದ ಭಾಗವನ್ನು ಕಾಂಗ್ರೆಸ್ ಕಿತ್ತುಹಾಕಿದ್ದನ್ನೂ, ಹಾಗೆ ಬರೆದವನೇ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದನ್ನೂ ನಮ್ಮ ವಿದ್ಯಾರ್ಥಿ ಕೋಪವಿಲ್ಲದೆ, ಭಕ್ತಿಯೂ ಇಲ್ಲದೆ ಒಟ್ಟಿಗೆ ಹಿಡಿದು ನೋಡಬಲ್ಲ. ಕೆಂಪೇಗೌಡನ ಬಗ್ಗೆಯೋ ಟಿಪ್ಪುವಿನ ಬಗ್ಗೆಯೋ ಅಷ್ಟು ನಿರಾಳವಾಗಿ ತರಗತಿ ನಡೆಸುವುದು ಕಷ್ಟ ಎಂದು ಯಾವ ಉಪನ್ಯಾಸಕರನ್ನು ಕೇಳಿದರೂ ಹೇಳುತ್ತಾರೆ.

ಇನ್ನು ಆನ್‌ಲೈನ್ ಎಂಬುದರ ಬಗ್ಗೆ. ಅದರ ಚರಿತ್ರೆ ಹೆಮ್ಮೆಪಡುವಂಥದ್ದಲ್ಲ. ಹಾರ್ವರ್ಡ್ ಮತ್ತು ಎಂಐಟಿಯ ಮುಕ್ತ ಕೋರ್ಸುಗಳ ಆರು ವರ್ಷಗಳ ಲೆಕ್ಕವನ್ನು 2019ರಲ್ಲಿ ‘ಸೈನ್ಸ್’ ಪತ್ರಿಕೆ ಪ್ರಕಟಿಸಿತು: ಹೆಸರು ನೋಂದಾಯಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೋರ್ಸಿನೊಳಗೆ ಕಾಲೇ ಇಡಲಿಲ್ಲ, 2017-18ರಲ್ಲಿ ಮುಗಿಸಿದವರು ಶೇ 3ರ ಆಸುಪಾಸು. ಸರ್ಟಿಫಿಕೇಟಿನ ಆಸೆಗೆ ಸೇರಿ ವಿಡಿಯೊವನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ಬಹುಆಯ್ಕೆ ಪ್ರಶ್ನೆಗೆ ಗುರುತು ಹಾಕಿದವರೂ ಆ ಶೇ 3ರಲ್ಲಿ ಇರುತ್ತಾರೆ. ಈಗ ಪ್ರಬಂಧವನ್ನು ಎಐ ಕೈಲೇ ಬರೆಸಬಹುದು. ಒಪ್ಪುತ್ತೇನೆ. ಆದರೆ ಈ ಎಲ್ಲ ದೋಷಗಳೂ ಒಬ್ಬಂಟಿ ಓದಿನ ದೋಷಗಳು. ಎದುರಿಗೆ ಹತ್ತು ಜನ ಕೂತಿದ್ದಾರೆ, ಕೈಯಲ್ಲಿ 1667ರ ಕಾನೂನಿನ ಹಾಳೆ ಇದೆ, ದೀಕ್ಷಾಸ್ನಾನದ ಮಾತು ಇದರಲ್ಲಿ ಯಾಕೆ ಬಂತು ಹೇಳು ಎಂದು ಮೇಷ್ಟರು ಕೇಳುತ್ತಾರೆ; ಅಲ್ಲಿ ಯಂತ್ರ ಬರೆದುಕೊಟ್ಟ ಎರಡು ಪುಟ ಹೆಚ್ಚು ದೂರ ಒಯ್ಯುವುದಿಲ್ಲ.

ಭಾಷೆಯ ತೊಡಕು ಇವೆಲ್ಲಕ್ಕಿಂತ ನಿಜವಾದದ್ದು. ಕನ್ನಡ ಮಾಧ್ಯಮದಿಂದ ಬಂದವರಿಗೆ ಯೇಲ್‌ನ ಉಪನ್ಯಾಸದ ವೇಗವೇ ಕಷ್ಟ. ಹದಿನೇಳನೆಯ ಶತಮಾನದ ಇಂಗ್ಲಿಷ್ ಇಂಗ್ಲಿಷಿನವರಿಗೂ ಕಷ್ಟ. ಇಲ್ಲಿ ಒಂದು ಅನುಕೂಲವನ್ನು ಮರೆಯಬಾರದು. ಉಪನ್ಯಾಸದ ಒಂದು ಗಂಟೆ ಸಾವಿರಾರು ಪದ, ತಡೆದು ನಿಲ್ಲುವಂತಿಲ್ಲ. ಕಾನೂನಿನ ಒಂದು ಕಲಮು ಒಂದು ವಾಕ್ಯ, ಅದರ ಮೇಲೆ ಒಂದು ಗಂಟೆ ಕೂರಬಹುದು. ದಾಖಲೆ ಇಂಗ್ಲಿಷಿನಲ್ಲಿರಲಿ, ವಾದ ಕನ್ನಡದಲ್ಲಿ ನಡೆಯಲಿ. ವಿದ್ಯಾರ್ಥಿಯ ಇಂಗ್ಲಿಷಿಗೆ ಅಂಕ ಕೊಡುವುದನ್ನು ಬಿಟ್ಟು ಅವನ ತರ್ಕಕ್ಕೆ ಕೊಟ್ಟರೆ, ಇಂಗ್ಲಿಷ್ ಸರಾಗವಾಗಿ ಬಲ್ಲವರೇ ಚೆನ್ನಾಗಿ ಯೋಚಿಸುತ್ತಾರೆಂಬ ನಮ್ಮ ಕಾಲೇಜುಗಳ ಹಳೆಯ ನಂಬಿಕೆಗೂ ಒಂದು ಪರೀಕ್ಷೆಯಾದೀತು.

ನಿಯಮಗಳ ಅಡ್ಡಿಯೂ ಈಗ ದೊಡ್ಡದಲ್ಲ. ‘ಸ್ವಯಂ’ ವೇದಿಕೆಯ ಕೋರ್ಸುಗಳಿಗೆ ಯುಜಿಸಿ 2016ರಲ್ಲಿ ಶೇ 20ರವರೆಗೆ ಕ್ರೆಡಿಟ್ ಒಪ್ಪಿತ್ತು, 2021ರಲ್ಲಿ ಅದನ್ನು ಶೇ 40ಕ್ಕೆ ಏರಿಸಿತು. ಆನ್‌ಲೈನ್ ಕಲಿಕೆ ಪದವಿಯ ಭಾಗ ಎಂಬ ತತ್ವ ಒಪ್ಪಿದ ಮೇಲೆ, ಹೊರದೇಶದ ಮುಕ್ತ ಉಪನ್ಯಾಸವನ್ನು ಇಂಟರ್ನಲ್ಸ್ ಅಂಕದೊಳಗೆ ಸೇರಿಸಲು ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಮನಸ್ಸು ಮಾಡಿದರೆ ಸಾಕು. ಹದಿನೈದು ವಿದ್ಯಾರ್ಥಿಗಳು, ಒಬ್ಬ ಚರಿತ್ರೆಯ ಉಪನ್ಯಾಸಕ, ವಾರಕ್ಕೊಂದು ದಾಖಲೆ, ಅದರ ಮೇಲೆ ಎರಡು ಗಂಟೆ ಕನ್ನಡದಲ್ಲಿ ಚರ್ಚೆ. ಉಪನ್ಯಾಸವನ್ನು ಮನೆಯಲ್ಲಿ ನೋಡಿಕೊಂಡು ಬರಬೇಕು. ಕೊನೆಗೆ ಬರವಣಿಗೆಯ ಪರೀಕ್ಷೆಯ ಬದಲು ಹಿಂದೆ ನೋಡಿರದ ಒಂದು ದಾಖಲೆಯನ್ನು ಕೈಗೆ ಕೊಟ್ಟು ಮೌಖಿಕ ಪರೀಕ್ಷೆ. ಖರ್ಚು ಅಂದರೆ ಜೆರಾಕ್ಸಿನದ್ದು. ಇದೆಲ್ಲ ಕಾಗದದ ಮೇಲೆ ಚೆಂದ, ನಡೆಸುವವರು ಯಾರು ಎಂದು ಸರ್ಕಾರಿ ಪದವಿ ಕಾಲೇಜು ಬಲ್ಲವರು ಕೇಳಿಯೇ ಕೇಳುತ್ತಾರೆ. ಅಲ್ಲಿ ಪಾಠದ ಹೊರೆಯ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ವರ್ಷ ವರ್ಷ ನೇಮಕದ ಆದೇಶ ಕಾಯುವವರಿಂದ ಹೊಸ ಪ್ರಯೋಗ ಬಯಸುವುದು ಅನ್ಯಾಯ. ಹಾಗಾಗಿ ಈ ಎರಡು ಗಂಟೆಗಳನ್ನು ಉಪನ್ಯಾಸಕರ ಉತ್ಸಾಹದ ಖಾತೆಗೆ ಬರೆಯದೆ ಕಾರ್ಯಭಾರದ ಲೆಕ್ಕಕ್ಕೆ ಸೇರಿಸಬೇಕು, ಅತಿಥಿ ಉಪನ್ಯಾಸಕರಾದರೆ ಅದಕ್ಕೆ ಸಂಭಾವನೆಯನ್ನೂ ಕೊಡಬೇಕು. ವಿಡಿಯೊ ಬಂದಿದೆ, ಇನ್ನು ಮೇಷ್ಟರ ಗಂಟೆ ಕಡಿಮೆ ಮಾಡಬಹುದು ಎಂದು ಲೆಕ್ಕ ಹಾಕುವ ಆಡಳಿತಕ್ಕೆ ಈ ಕೋರ್ಸು ಕೊಡದಿರುವುದೇ ಮೇಲು.